ಹಳೆಯ ಗಿಟಾರನ್ನು ಕೊಳ್ಳುವ ಬಗೆ

(ಸಂಘದ ಯುವ ವಿಭಾಗದ ವಾದ್ಯವೃಂದದವರು ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಿದ್ಧತೆಗಾಗಿ ಸೇರಿರುವ ಈ ಸಭೆಯಲ್ಲಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದರು. ನಾವು ಕನ್ನಡ ನಾಡಿನ ಏಕೀಕರಣವನ್ನು ಕುರಿತೋ, ಮುಂಬಯಿ ಕನ್ನಡಿಗರ ಕರ್ತವ್ಯವನ್ನು ಕುರಿತೋ ಮಾತನಾಡುವೆವೆಂದು ಅವರು ಎಣಿಸಿದ್ದಿರಬೇಕು. ಅವೆರಡೂ ದೊಡ್ಡ ವಿಷಯಗಳು. ಅವನ್ನು ಕುರಿತು ಮಾತನಾಡಬಲ್ಲ ದೊಡ್ಡವರು ನವೆಂಬರ್ ಒಂದರಂದು ಇದೇ ವೇದಿಕೆಗೆ ಬರಲಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯ ಸಣ್ಣದು. ಕಾರ್ಯಕ್ರಮಗಳಲ್ಲಿ ನುಡಿಸುವುದಕ್ಕಾಗಿ, ಒಬ್ಬರು ಬಳಸಿ ಬಿಟ್ಟ, ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರನ್ನು ಕೊಳ್ಳುವುದು ಹೇಗೆ ಎಂಬುದೇ ಆ ವಿಷಯ.

ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿರುವುದು ಕಾಣುತ್ತಿದೆ. ನಗಲಿ. ನಾವೂ ಒಂದು ಕಾಲದಲ್ಲಿ ನಕ್ಕವರೇ. ಇಲ್ಲಿ ‘ನಾವು’ ಎಂದರೆ ಸಂಘದ ಕಲಾ ಸಮಿತಿಯ ಮೂವರು ಹಿರಿಯರು. ಮಾತನಾಡುವ ಬಾಯಿ ಒಂದಾದರೂ ತಪ್ಪು ಮೂವರದೂ ಆದುದರಿಂದ ಈ ಬಹುವಚನ ಗೌರವಕ್ಕಾಗಿ ಅಲ್ಲ, ಹೊಣೆಗಾಗಿ ಎಂದು ತಾವು ತಿಳಿಯಬೇಕು.

ಮೊದಲು ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕನ್ನಡ ಸಂಘಕ್ಕೆ ಎಲೆಕ್ಟ್ರಿಕ್ ಗಿಟಾರು ಏಕೆ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಅವರಿಗೆ ನಮ್ಮ ಅರಿಕೆ ಇಷ್ಟೆ. ಪಿಟೀಲು ಯೂರೋಪಿನಿಂದ ಬಂದುದು. ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಕೀರ್ತಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರದು. ಅದೇ ಪಿಟೀಲಿಗೆ ಏಳು ತಂತಿ ಕಟ್ಟಿ ಸಭಾಂಗಣದ ಕೊನೆಯ ಸಾಲಿನವರೆಗೂ ನಾದ ಮುಟ್ಟಿಸಿದವರು ಮೈಸೂರಿನ ಚೌಡಯ್ಯನವರು. ಹಾರ್ಮೋನಿಯಂ ಬಂದುದೂ ಪಡುವಲಿನಿಂದಲೇ; ಅದಿಲ್ಲದ ಭಜನಾ ಮಂದಿರ ಈಗ ಎಲ್ಲಿದೆ? ವಿದ್ಯುತ್ತಿನ ಮ್ಯಾಂಡೊಲಿನ್ನಿನಲ್ಲಿ ತ್ಯಾಗರಾಜರ ಕೃತಿಗಳನ್ನು ನುಡಿಸಿ ಯು. ಶ್ರೀನಿವಾಸ್ ಅವರು ಪಂಡಿತರನ್ನೂ ತಲೆದೂಗಿಸಿದರು. ಭಾವಗೀತೆಗೂ ಚಿತ್ರಗೀತೆಗೂ ಗಿಟಾರಿನ ಆಸರೆ ಇಂದು ಎಷ್ಟು ಸಹಜವಾಗಿದೆ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ. ವಾದ್ಯಕ್ಕೆ ಊರಿಲ್ಲ, ನುಡಿಸುವವನಿಗೆ ಊರಿದೆ, ಹಾಡಿಗೆ ಊರಿದೆ.

ಈಗ ನಮ್ಮ ತಪ್ಪಿನ ಕಥೆ.

೨೦೨೨ರ ರಾಜ್ಯೋತ್ಸವಕ್ಕೆ ಮೊದಲು ನಮ್ಮ ವಾದ್ಯವೃಂದದಲ್ಲಿ ಕೀಬೋರ್ಡು, ತಬಲ, ಢೋಲಕ್, ಕೊಳಲು ಇದ್ದವು. ಗಿಟಾರ್ ನುಡಿಸಬಲ್ಲ ಹುಡುಗನೊಬ್ಬನಿದ್ದ. ಗಿಟಾರು ಮಾತ್ರ ಇರಲಿಲ್ಲ. ಹುಡುಗನಿಗೆ ಆಗ ಹದಿನಾರು ವರ್ಷ. ಡೊಂಬಿವಲಿಯಿಂದ ಬರುತ್ತಿದ್ದ. ನೆರೆಮನೆಯವರ ಸಾದಾ ಗಿಟಾರಿನಲ್ಲಿ ಸ್ವಂತ ಪ್ರಯತ್ನದಿಂದ ಕಲಿತವನು. ತಂದೆಯವರು ಹೋಟೆಲೊಂದರ ಗಲ್ಲೆಯಲ್ಲಿ ಕೂರುವವರು. ಮಗನಿಗೆ ಹೊಸ ವಾದ್ಯ ಕೊಡಿಸುವಷ್ಟು ಅನುಕೂಲವಿರಲಿಲ್ಲ. ಸಂಘವೇ ಒಂದನ್ನು ಕೊಂಡು ಅವನ ಕೈಗೆ ಕೊಡೋಣ ಎಂದು ಸಮಿತಿ ತೀರ್ಮಾನಿಸಿ ಆರು ಸಾವಿರ ರೂಪಾಯಿ ಮಂಜೂರು ಮಾಡಿತು.

ಮೊಬೈಲಿನಲ್ಲಿ ಹಳೆಯ ಸಾಮಾನುಗಳ ಜಾಹೀರಾತು ನೋಡಿ ನಾವು ಮೂವರೂ ಒಂದು ಭಾನುವಾರ ಉಪನಗರದ ಒಂದು ಮನೆಗೆ ಹೋದೆವು. ಗಿಟಾರು ಕಡುಗೆಂಪು ಬಣ್ಣದ್ದು. ಮುಖ ನೋಡಿಕೊಳ್ಳುವಷ್ಟು ಹೊಳಪು. ಮಾರುವವರು ಅದನ್ನು ಒಂದು ಪೆಟ್ಟಿಗೆಗೆ ಜೋಡಿಸಿ, ತಲೆಯ ಕಡೆಯ ಎರಡು ಮೂರು ಮನೆಗಳಲ್ಲಿಯೇ ಬೆರಳಾಡಿಸಿ, ಕಿವಿ ಗಡಚಿಕ್ಕುವಂತೆ ಏನೋ ನುಡಿಸಿದರು. ನಮಗೆ ಸಂತೋಷವಾಯಿತು. ಐನೂರು ರೂಪಾಯಿ ಚೌಕಾಶಿ ಮಾಡಿದೆವು, ಇನ್ನೂ ಸಂತೋಷವಾಯಿತು. ಹುಡುಗನನ್ನು ಜೊತೆಗೆ ಕರೆದೊಯ್ದಿರಲಿಲ್ಲ. ಅವನಿಗೆ ತಿಳಿಸದೆ ಕೊಟ್ಟು ಅವನ ಮುಖ ಅರಳುವುದನ್ನು ನೋಡಬೇಕೆಂಬುದು ನಮ್ಮ ಆಸೆಯಾಗಿತ್ತು. ಮುಖ ಅರಳಿತು, ನಿಜ. ಎರಡು ದಿನ.

ಮೂರನೆಯ ದಿನದ ಅಭ್ಯಾಸದಲ್ಲಿಯೇ ತೊಡಕು ತೋರಿತು. ತಲೆಯ ಕಡೆ ನುಡಿಸಿದಾಗ ಸ್ವರ ಸರಿಯಾಗಿರುತ್ತಿತ್ತು. ಒಡಲಿನ ಕಡೆಗೆ ಕೈ ಸರಿದಂತೆಲ್ಲ ಸ್ವರ ಏರಿ ಅಪಶ್ರುತಿಯಾಗುತ್ತಿತ್ತು. ಹುಡುಗ ಮತ್ತೆ ಮತ್ತೆ ಶ್ರುತಿ ಮಾಡಿದ. ನಾವು ‘ಅಭ್ಯಾಸ ಸಾಲದು’ ಎಂದೆವು. ಆಮೇಲೆ ‘ಶ್ರುತಿಜ್ಞಾನ ಸಾಲದು’ ಎಂದೆವು. ನವೆಂಬರ್ ಒಂದರ ಸಂಜೆ, ಸಭೆ ತುಂಬಿದ್ದಾಗ, ಎರಡನೆಯ ಹಾಡಿನ ನಡುವಣ ವಾದ್ಯಭಾಗ ಅವನದಾಗಿತ್ತು. ಮೊದಲ ನಾಲ್ಕು ಸ್ವರಗಳಿಗೇ ಗಾಯಕಿ ತಿರುಗಿ ನೋಡಿದರು. ನಮ್ಮಲ್ಲೊಬ್ಬರು ಸದ್ದಿಲ್ಲದೆ ಎದ್ದು ಮಿಕ್ಸರಿನ ಬಳಿ ಹೋಗಿ ಅವನ ಧ್ವನಿಯ ಗುಂಡಿಯನ್ನು ಸೊನ್ನೆಗೆ ತಿರುಗಿಸಿದರು. ಹುಡುಗ ಕಾರ್ಯಕ್ರಮ ಮುಗಿಯುವವರೆಗೂ ನುಡಿಸುತ್ತಲೇ ಇದ್ದ. ಅವನಿಗೆ ತಿಳಿಯಲಿಲ್ಲವೆಂದು ನಾವು ಭಾವಿಸಿದೆವು. ತಿಳಿದಿತ್ತು.

ಮುಂದಿನ ವಾರದಿಂದ ಅವನು ಬರಲಿಲ್ಲ. ಪರೀಕ್ಷೆ ಎಂದು ಹೇಳಿಕಳಿಸಿದ. ಗಿಟಾರು ಸಂಘದ ಕಪಾಟಿನ ಮೇಲೆ, ಹಳೆಯ ಸ್ಮರಣ ಸಂಚಿಕೆಗಳ ಕಟ್ಟಿನ ಪಕ್ಕದಲ್ಲಿ, ಎಂಟು ತಿಂಗಳು ಮಲಗಿತು. ಮರುವರ್ಷದ ಮಳೆಗಾಲದಲ್ಲಿ, ಮಾರಿಬಿಡೋಣ ಎಂದು ಅದನ್ನು ಧೋಬಿ ತಲಾವಿನ ಕಡೆಗೆ ತೆಗೆದುಕೊಂಡು ಹೋದೆವು. ಆ ಪ್ರದೇಶದಲ್ಲಿ ವಾದ್ಯದ ಅಂಗಡಿಗಳೂ ಗೋವೆಯ ವಾದ್ಯಗಾರರೂ ತಲೆಮಾರುಗಳಿಂದ ಇರುವುದು ಮುಂಬಯಿಯವರಿಗೆ ಗೊತ್ತು. ೧೮೬೫ರಲ್ಲಿ ಸ್ಥಾಪಿತವಾದ ಫುರ್ಟಾಡೊ ಅಂಗಡಿ ಅಲ್ಲಿಯದೇ. ನಾವು ಹೋದದ್ದು ಅಲ್ಲೇ ಸಮೀಪದ ಗಲ್ಲಿಯಲ್ಲಿ ರಿಪೇರಿ ಮಾಡುತ್ತಿದ್ದ ವೃದ್ಧರೊಬ್ಬರಲ್ಲಿಗೆ. ಅವರು ಗಿಟಾರಿನ ಹೊಳಪನ್ನು ನೋಡಲೇ ಇಲ್ಲ. ಬಡಗಿಯು ರೀಪನ್ನು ಕಣ್ಣಿಗೆ ಹಿಡಿದು ನೋಡುವಂತೆ ಅದರ ಕತ್ತನ್ನು ಒಂದು ಕಣ್ಣಿನಿಂದ ಉದ್ದಕ್ಕೆ ನೋಡಿದರು. ಹತ್ತು ಸೆಕೆಂಡು ಹಿಡಿಯಿತು. ಕತ್ತು ತಿರುಚಿಕೊಂಡಿದೆ, ತಂತಿಗಳು ಬೆರಳೆತ್ತರ ನಿಂತಿವೆ, ತಂತಿ ಕೂರುವ ತುಂಡುಗಳು ತುಕ್ಕು ಹಿಡಿದು ಅಲುಗಾಡದಾಗಿವೆ, ಇದರ ಮೇಲುಭಾಗದಲ್ಲಿ ಯಾರು ನುಡಿಸಿದರೂ ಶ್ರುತಿ ನಿಲ್ಲುವುದಿಲ್ಲ ಎಂದರು. ಆಮೇಲೆ, ‘ಇದನ್ನು ಯಾರಾದರೂ ವೇದಿಕೆಯ ಮೇಲೆ ನುಡಿಸಿದರೇ?’ ಎಂದು ಕೇಳಿದರು. ನಾವು ಉತ್ತರ ಹೇಳಲಿಲ್ಲ.

ವಾದ್ಯದ ತಪ್ಪನ್ನು ಹುಡುಗನ ಮೇಲೆ ಹೊರಿಸಿದ್ದೆವು. ಆ ಭಾನುವಾರವೇ ಡೊಂಬಿವಲಿಗೆ ಹೋದೆವು. ಅವನ ತಾಯಿ ಚಹ ಕೊಟ್ಟರು. ನಾವು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದೆವು. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ‘ಮಾಮಾ, ನನಗೂ ನನ್ನ ಬೆರಳಿನ ಮೇಲೇ ಅನುಮಾನ ಬಂದಿತ್ತು’ ಎಂದ. ಅಷ್ಟೆ. ಬೇರೇನನ್ನೂ ಹೇಳಲಿಲ್ಲ. ನಮಗೆ ಬೈದಿದ್ದರೆ ಹಗುರವಾಗುತ್ತಿತ್ತು.

ಈ ಕಥೆಯನ್ನು ಹೇಳಲು ಅವನೇ ಒಪ್ಪಿಗೆ ಕೊಟ್ಟಿದ್ದಾನೆ. ಅಗ್ಗದ ವಾದ್ಯವನ್ನು ಕೊಳ್ಳುವುದು ತಪ್ಪಲ್ಲ, ಬಳಸಿದ್ದನ್ನು ಕೊಳ್ಳುವುದು ಅವಮಾನವೂ ಅಲ್ಲ. ಪರೀಕ್ಷಿಸದೆ ಕೊಳ್ಳುವುದು ಮಾತ್ರ ತಪ್ಪು. ಏಕೆಂದರೆ ಆ ತಪ್ಪಿನ ಬೆಲೆಯನ್ನು ತೆರುವವನು ಕೊಂಡವನಲ್ಲ, ನುಡಿಸುವವನು. ನಾವು ಆ ವೃದ್ಧರಿಂದಲೂ ಹುಡುಗನಿಂದಲೂ ಆಮೇಲೆ ಕಲಿತುದನ್ನು ತಮ್ಮ ಮುಂದಿಡುತ್ತೇವೆ.

ಎಲೆಕ್ಟ್ರಿಕ್ ಗಿಟಾರು ಮೂಲತಃ ದುಡಿಯುವವರ ವಾದ್ಯ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಇದರ ಇಂದಿನ ರೂಪಕ್ಕೆ ಕಾರಣರಾದವರಲ್ಲಿ ಒಬ್ಬರಾದ ಲಿಯೋ ಫೆಂಡರ್ ಅವರು ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ರಿಪೇರಿ ಮಾಡುವವನ ಕಣ್ಣು ಅವರಿಗಿತ್ತು. ೧೯೫೦ರಲ್ಲಿ ಅವರು ಮಾರುಕಟ್ಟೆಗೆ ತಂದ ಗಿಟಾರಿಗೆ ೧೯೫೧ರಲ್ಲಿ ಟೆಲಿಕಾಸ್ಟರ್ ಎಂಬ ಹೆಸರಾಯಿತು. ಅದರ ಒಡಲು ಗಟ್ಟಿ ಹಲಗೆ; ಕತ್ತನ್ನು ಅಂಟಿನಿಂದ ಕೂಡಿಸದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಕತ್ತು ಕೆಟ್ಟರೆ ಬಿಚ್ಚಿ ಇನ್ನೊಂದನ್ನು ಹಾಕಬಹುದು. ೧೯೫೪ರಲ್ಲಿ ಸ್ಟ್ರಾಟೊಕಾಸ್ಟರ್ ಬಂದಿತು. ಇಂದು ಅಗ್ಗದಲ್ಲಿ ಸಿಗುವ ಗಿಟಾರುಗಳಲ್ಲಿ ಬಹುಪಾಲು ಈ ಎರಡರ ಅಥವಾ ೧೯೫೨ರ ಗಿಬ್ಸನ್ ಲೆಸ್ ಪಾಲ್ ಗಿಟಾರಿನ ಪಡಿಯಚ್ಚುಗಳೇ.

ಹಳೆಯ ಗಿಟಾರಿನ ಮರ್ಯಾದೆಗೂ ಒಂದು ನಿದರ್ಶನ ಕೇಳಿ. ಎರಿಕ್ ಕ್ಲಾಪ್ಟನ್ ಎಂಬ ಪ್ರಸಿದ್ಧ ವಾದಕರು ೧೯೭೦ರಲ್ಲಿ ನ್ಯಾಶ್‌ವಿಲ್ ನಗರದ ಅಂಗಡಿಯೊಂದರಲ್ಲಿ ಬಳಸಿದ ಸ್ಟ್ರಾಟೊಕಾಸ್ಟರುಗಳು ಅಗ್ಗವಾಗಿ ಬಿದ್ದಿರುವುದನ್ನು ಕಂಡು ಆರನ್ನು ಕೊಂಡರು. ಮೂರನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರ ಒಳ್ಳೆಯ ಭಾಗಗಳನ್ನು ಕೂಡಿಸಿ ಒಂದು ಗಿಟಾರು ಮಾಡಿಕೊಂಡರು. ಅನೇಕ ವರ್ಷ ವೇದಿಕೆಯ ಮೇಲೆ ಅದೇ ಅವರ ಸಂಗಾತಿ. ೨೦೦೪ರಲ್ಲಿ ಅದು ಹರಾಜಿನಲ್ಲಿ ೯,೫೯,೫೦೦ ಡಾಲರಿಗೆ ಹೋಯಿತು. ಕ್ವೀನ್ ತಂಡದ ಬ್ರಯಾನ್ ಮೇ ಅವರು ಹುಡುಗರಾಗಿದ್ದಾಗ, ೧೯೬೩ರಲ್ಲಿ, ತಂದೆಯ ಜೊತೆ ಕೂತು ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಕತ್ತು ಕೆತ್ತಿ ಗಿಟಾರು ಕಟ್ಟತೊಡಗಿದರು. ಜೀವಮಾನವೆಲ್ಲ ಅದನ್ನೇ ನುಡಿಸಿದ್ದಾರೆ. ಇವರಿಬ್ಬರೂ ಬೆಲೆಯನ್ನು ನೋಡಲಿಲ್ಲ. ಒಳ್ಳೆಯ ಭಾಗ ಯಾವುದು, ಕೆಟ್ಟ ಭಾಗ ಯಾವುದು ಎಂಬುದನ್ನು ಬಲ್ಲವರಾಗಿದ್ದರು.

ಈಗ ಪರೀಕ್ಷೆಯ ಕ್ರಮಕ್ಕೆ ಬರೋಣ. ವೀಣೆಯನ್ನು ಕಂಡವರಿಗೆ ಗಿಟಾರು ಅಪರಿಚಿತವಲ್ಲ. ವೀಣೆಯ ದಂಡಿಯೇ ಇಲ್ಲಿ ಕತ್ತು. ನುಡಿಸುವವರು ನೆಕ್ ಎನ್ನುತ್ತಾರೆ. ಬಿರಡೆ ಎರಡಕ್ಕೂ ಇದೆ. ವೀಣೆಯ ಕುದುರೆ ಇಲ್ಲಿ ಬ್ರಿಡ್ಜ್. ಮೆಟ್ಟಿಲು ಇಲ್ಲಿ ಫ್ರೆಟ್. ಒಂದು ಮುಖ್ಯ ವ್ಯತ್ಯಾಸವಿದೆ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಕೂತವು. ಸ್ವರ ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನ ಫ್ರೆಟ್ ಮರದಲ್ಲಿ ನಾಟಿದ ಲೋಹದ ತಂತಿ; ಅದು ಜರುಗುವುದಿಲ್ಲ. ಆದ್ದರಿಂದ ಕತ್ತು ಸೊಟ್ಟಗಾದರೆ ಅದರ ಮೇಲಿನ ಎಲ್ಲ ಸ್ವರಗಳೂ ಸೊಟ್ಟಗಾದಂತೆಯೇ.

ಆದಕಾರಣ ಮೊದಲ ಪರೀಕ್ಷೆ ಕತ್ತಿನದು. ಗಿಟಾರನ್ನು ಎತ್ತಿ ಹಿಡಿದು ಒಂದು ತುದಿಯಿಂದ ಉದ್ದಕ್ಕೆ ನೋಡಿರಿ. ಎರಡು ಅಂಚುಗಳೂ ಒಂದೇ ಸಮತಳದಲ್ಲಿರಬೇಕು. ಒಂದು ಅಂಚು ಏರಿ ಇನ್ನೊಂದು ಇಳಿದಿದ್ದರೆ ಅದು ತಿರುಚಿದ ಕತ್ತು. ಬೆಲೆ ಎಷ್ಟೇ ಕಡಿಮೆಯಾಗಿರಲಿ, ನಮಸ್ಕಾರ ಹೇಳಿ ಎದ್ದು ಬನ್ನಿ. ಅಲ್ಪ ಬಾಗು ಮಾತ್ರ ಇದ್ದರೆ ಭಯವಿಲ್ಲ. ಮೇಲಿನ ತಂತಿಯನ್ನು ಮೊದಲ ಫ್ರೆಟ್ಟಿನಲ್ಲಿಯೂ ಕೊನೆಯ ಫ್ರೆಟ್ಟಿನಲ್ಲಿಯೂ ಒಮ್ಮೆಗೇ ಒತ್ತಿ ಹಿಡಿದು, ಏಳೆಂಟನೆಯ ಫ್ರೆಟ್ಟಿನ ಹತ್ತಿರ ತಂತಿಗೂ ಫ್ರೆಟ್ಟಿಗೂ ನಡುವೆ ಎಷ್ಟು ಸಂದು ಇದೆ ಎಂದು ನೋಡಿರಿ. ಕಾಲು ಮಿಲಿಮೀಟರಿನಷ್ಟು, ಎಂದರೆ ದಪ್ಪ ಕಾಗದ ತೂರುವಷ್ಟು ಸಂದು ಇದ್ದರೆ ಒಳ್ಳೆಯದು. ಹೆಚ್ಚು ಕಡಿಮೆ ಇದ್ದರೆ ಕತ್ತಿನೊಳಗೆ ಹುದುಗಿರುವ ಉಕ್ಕಿನ ಸರಳನ್ನು ಬಿಗಿದೋ ಸಡಿಲಿಸಿಯೋ ಸರಿಪಡಿಸಬಹುದು. ಆ ಸರಳಿನ ತಿರುಪು ತಿರುಗುತ್ತದೆಯೇ, ಆಗಲೇ ಕೊನೆ ಮುಟ್ಟಿ ಜಾಮ್ ಆಗಿದೆಯೇ ಎಂಬುದನ್ನು ಬಲ್ಲವರಿಂದ ನೋಡಿಸಬೇಕು. ನಾವೇ ಬಲವಂತ ಮಾಡಿದರೆ ಸರಳು ಮುರಿದೀತು.

ಎರಡನೆಯದು ಫ್ರೆಟ್ಟುಗಳ ಪರೀಕ್ಷೆ. ಆರು ತಂತಿಗಳಲ್ಲಿಯೂ ಒಂದೊಂದೇ ಫ್ರೆಟ್ಟನ್ನು ಒತ್ತಿ ನಿಧಾನವಾಗಿ ನುಡಿಸಿ ಹೋಗಬೇಕು. ಹತ್ತು ನಿಮಿಷದ ಕೆಲಸ; ಮಾರುವವರು ಬೇಸರಪಟ್ಟರೆ ಪಡಲಿ. ಎಲ್ಲಿ ‘ಝರ್’ ಎಂಬ ಸದ್ದು ಬರುತ್ತದೆ, ಎಲ್ಲಿ ಸ್ವರ ಸತ್ತಂತೆ ನಿಲ್ಲುತ್ತದೆ ಎಂದು ಗುರುತು ಮಾಡಿಕೊಳ್ಳಿ. ತಂತಿ ತೇಯ್ದು ಫ್ರೆಟ್ಟಿನಲ್ಲಿ ಆಳವಾದ ಕಚ್ಚು ಬಿದ್ದಿದ್ದರೆ ಎಚ್ಚರಿಕೆ. ಎಲ್ಲ ಫ್ರೆಟ್ಟುಗಳನ್ನೂ ಕಿತ್ತು ಹೊಸದು ಹಾಕಿಸುವ ಖರ್ಚು ಅಗ್ಗದ ಗಿಟಾರಿನ ಬೆಲೆಯನ್ನೇ ಮೀರಬಹುದು.

ಮೂರನೆಯದು ನಮ್ಮ ಕೆಂಪು ಗಿಟಾರಿನಲ್ಲಿ ನಾವು ಮಾಡದೆ ಬಿಟ್ಟ ಪರೀಕ್ಷೆ. ಹನ್ನೆರಡನೆಯ ಫ್ರೆಟ್ ತಂತಿಯ ಉದ್ದದ ಅರ್ಧದಲ್ಲಿರುತ್ತದೆ. ಸ್ಟ್ರಾಟೊಕಾಸ್ಟರ್ ಮಾದರಿಯಲ್ಲಿ ತಂತಿಯ ಅಳತೆ ಇಪ್ಪತ್ತೈದೂವರೆ ಅಂಗುಲ; ಹನ್ನೆರಡನೆಯ ಫ್ರೆಟ್ ಹನ್ನೆರಡೂ ಮುಕ್ಕಾಲಿನಲ್ಲಿ. ಐದನೆಯ ತಂತಿ ಬಿಡಿಯಾಗಿ ಸೆಕೆಂಡಿಗೆ ೧೧೦ ಸಲ ಕಂಪಿಸಿದರೆ ಹನ್ನೆರಡರಲ್ಲಿ ಒತ್ತಿದಾಗ ೨೨೦ ಸಲ ಕಂಪಿಸಬೇಕು. ಷಡ್ಜದಿಂದ ಮೇಲಿನ ಷಡ್ಜ. ಆದರೆ ತಂತಿಯನ್ನು ಒತ್ತಿದಾಗ ಅದು ಸ್ವಲ್ಪ ಹಿಗ್ಗುತ್ತದೆ, ಹಿಗ್ಗಿದರೆ ಸ್ವರ ಏರುತ್ತದೆ. ತಂತಿ ಎತ್ತರವಾಗಿ ನಿಂತಿದ್ದರೆ ಒತ್ತು ಹೆಚ್ಚು, ಏರಿಕೆಯೂ ಹೆಚ್ಚು. ಇದನ್ನು ಸರಿದೂಗಿಸುವುದಕ್ಕಾಗಿಯೇ ಬ್ರಿಡ್ಜಿನಲ್ಲಿ ಪ್ರತಿ ತಂತಿಗೂ ಹಿಂದೆ ಮುಂದೆ ಜರುಗುವ ಒಂದು ತುಂಡು ಇರುತ್ತದೆ. ಮೊಬೈಲಿನಲ್ಲಿ ಶ್ರುತಿ ತೋರಿಸುವ ಸಾಧನ ಈಗ ಉಚಿತವಾಗಿ ಸಿಗುತ್ತದೆ. ಬಿಡಿ ತಂತಿಯನ್ನು ಶ್ರುತಿ ಮಾಡಿ, ಹನ್ನೆರಡರಲ್ಲಿ ಒತ್ತಿ ನುಡಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿರಿ. ಸ್ವಲ್ಪ ತಪ್ಪಿದ್ದು ತುಂಡುಗಳು ಜರುಗುವಂತಿದ್ದರೆ ಚಿಂತೆಯಿಲ್ಲ. ಬಹಳ ತಪ್ಪಿದ್ದು ತುಕ್ಕು ಹಿಡಿದಿದ್ದರೆ ಬೇಡ. ಈ ಒಂದು ನಿಮಿಷದ ಕೆಲಸವನ್ನು ಅಂದು ಮಾಡಿದ್ದರೆ ಹುಡುಗನ ಒಂದು ವರ್ಷ ಉಳಿಯುತ್ತಿತ್ತು.

ಬಿರಡೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಶ್ರುತಿ ಮಾಡಿ, ತಂತಿಗಳನ್ನು ಚೆನ್ನಾಗಿ ಎಳೆದಾಡಿಸಿ ನುಡಿಸಿ, ಮತ್ತೆ ನೋಡಿರಿ. ಶ್ರುತಿ ಇಳಿದರೆ ಬಿರಡೆ ಸಡಿಲವಿರಬಹುದು; ತಂತಿಗಳು ಹಳೆಯವಾದರೂ ಹಾಗಾದೀತು. ಬಿರಡೆ ತಿರುಗಿಸುವಾಗ ‘ಟಿಣ್’ ಎಂದು ಸದ್ದಾದರೆ ತಲೆಯ ಬಳಿಯ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಮಕ್ಕಳ ಪೆನ್ಸಿಲಿನ ಸೀಸವನ್ನು ಅಲ್ಲಿ ಉಜ್ಜಿದರೆ ಬಹುಮಟ್ಟಿಗೆ ಹೋಗುತ್ತದೆ. ಸ್ವರ ನಡುಗಿಸುವ ತೋಳಿರುವ, ಸ್ಪ್ರಿಂಗುಗಳ ಮೇಲೆ ತೇಲುವ ಬ್ರಿಡ್ಜುಗಳೂ ಉಂಟು. ಅವು ಮನೆಯಲ್ಲಿ ಚಂದ. ವೇದಿಕೆಯ ಮೇಲೆ ಒಂದು ತಂತಿ ಹರಿದರೆ ಉಳಿದ ಐದರ ಶ್ರುತಿಯೂ ಕೆಡುತ್ತದೆ. ಕಾರ್ಯಕ್ರಮಕ್ಕೆ ಕೊಳ್ಳುವವರಿಗೆ ಸ್ಥಿರವಾದ ಬ್ರಿಡ್ಜೇ ಕ್ಷೇಮ.

ಇನ್ನು ವಿದ್ಯುತ್ತಿನ ಭಾಗ. ತಂತಿಗಳ ಕೆಳಗೆ ಪಿಕಪ್ ಎಂಬ ಪಟ್ಟಿಗಳಿರುತ್ತವೆ. ಪಿಕಪ್ಪೆಂದರೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ೧೮೩೧ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ನಮ್ಮ ಜೋಗದ ವಿದ್ಯುದಾಗಾರ ನಡೆಯುವುದೂ ಅದರಿಂದಲೇ. ಒಂದೇ ಸುರುಳಿಯ ಪಿಕಪ್ಪು ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿದು ಕೊಡುತ್ತದೆ. ಅದನ್ನು ತಡೆಯಲು ೧೯೫೫ರಲ್ಲಿ ಗಿಬ್ಸನ್ ಕಾರ್ಖಾನೆಯ ಸೆತ್ ಲವರ್ ಅವರು ಎದುರುಬದುರಾದ ಎರಡು ಸುರುಳಿಗಳ ಪಿಕಪ್ಪನ್ನು ರೂಪಿಸಿದರು. ಗುಂಯ್‌ಗುಡುವಿಕೆಯನ್ನು ಒಂದು ಇನ್ನೊಂದರಿಂದ ಕಳೆಯುತ್ತದೆ, ಸ್ವರ ಮಾತ್ರ ಉಳಿಯುತ್ತದೆ. ಬಣ್ಣಬಣ್ಣದ ದೀಪಗಳ ಸಾಲು, ಫ್ಯಾನು, ಜನರೇಟರುಗಳ ನಡುವೆ ನುಡಿಸಬೇಕಾದ ನಮ್ಮ ಪೆಂಡಾಲುಗಳಿಗೆ ಬ್ರಿಡ್ಜಿನ ಕಡೆಯಾದರೂ ಅಂಥ ಜೋಡಿ ಪಿಕಪ್ಪಿರುವುದು ಉಪಯುಕ್ತ.

ಗಿಟಾರನ್ನು ಆಂಪ್ಲಿಫಯರಿಗೆ ಜೋಡಿಸದೆ ಕೊಳ್ಳಲೇಬಾರದು. ಸ್ವಿಚ್ಚನ್ನು ಪ್ರತಿ ಸ್ಥಾನಕ್ಕೂ ತಿರುಗಿಸಿ ನುಡಿಸಿರಿ. ಗುಂಡಿ ತಿರುಗಿಸುವಾಗ ‘ಕರಕರ’ ಎಂದರೆ ಒಳಗೆ ಧೂಳು. ಶುದ್ಧಿ ಮಾಡುವ ಸ್ಪ್ರೇಯಿಂದ ಹೆಚ್ಚಾಗಿ ಹೋಗುತ್ತದೆ. ಕೇಬಲ್ ಸಿಕ್ಕಿಸುವ ತೂತು ಸಡಿಲವಾಗಿದ್ದರೆ ಬಿಗಿಯಬಹುದು. ಒಂದು ಪಿಕಪ್ಪು ಪೂರ್ತಿ ಮೂಕವಾಗಿದ್ದರೆ ಬೆಲೆಯನ್ನು ಅಷ್ಟಕ್ಕೆ ತಕ್ಕಂತೆ ಇಳಿಸಬೇಕು, ಇಲ್ಲವೇ ಬಿಡಬೇಕು. ಇವೆಲ್ಲ ವಾಸಿಯಾಗುವ ರೋಗಗಳು, ಕತ್ತಿನ ರೋಗದಂತಲ್ಲ. ಮಾರುವವರೊಡನೆ ಚೌಕಾಶಿ ಮಾಡಲು ಒಳ್ಳೆಯ ಸಾಮಗ್ರಿಯೂ ಹೌದು.

ಇಲ್ಲಿ ತಾಯಿತಂದೆಯರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಗಿಟಾರಿನ ಉಕ್ಕಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆ ಚೌಕಟ್ಟಿಗೆ ಅರ್ತಿಂಗ್ ಇಲ್ಲದೆ ಒಳಗೆ ಏನಾದರೂ ಕೆಟ್ಟಿದ್ದರೆ, ನುಡಿಸುವವನ ಕೈ ಒಂದು ಕಡೆ, ಮೈಕಿಗೆ ತಾಗಿದ ತುಟಿ ಇನ್ನೊಂದು ಕಡೆ, ನಡುವೆ ಅವನ ದೇಹದಲ್ಲಿ ವಿದ್ಯುತ್ತು ಹರಿಯುತ್ತದೆ. ಇದು ಹೆದರಿಸುವ ಮಾತಲ್ಲ. ೧೯೭೨ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಅರ್ತಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣ ಬಿಟ್ಟರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಆದ್ದರಿಂದ ಮೂರು ಪಿನ್ನಿನ ಪ್ಲಗ್ಗಿನ ಮೂರನೆಯ ಪಿನ್ನನ್ನು ಎಂದೂ ಮುರಿಯಬೇಡಿ. ಪೆಂಡಾಲಿನಲ್ಲಿ ಎಲೆಕ್ಟ್ರಿಷಿಯನ್ನರಿಂದ ಅರ್ತಿಂಗ್ ಪರೀಕ್ಷಿಸಿ; ಸೋರಿಕೆಯನ್ನು ಕಂಡೊಡನೆ ಕರೆಂಟು ಕಡಿಯುವ ೩೦ ಮಿಲಿ ಆಂಪಿಯರಿನ ಸ್ವಿಚ್ಚನ್ನು ಹಾಕಿಸಿ; ಗಿಟಾರಿನ ಆಂಪ್ಲಿಫಯರಿಗೂ ಮೈಕಿಗೂ ಅದೇ ಅರ್ತಿಂಗ್ ಇರುವ ಲೈನನ್ನು ಕೊಡಿಸಿ. ತಂತಿ ಮುಟ್ಟಿದಾಗ ಜುಮ್ಮೆಂದರೆ ಹಾಡು ಅಲ್ಲಿಗೇ ನಿಲ್ಲಲಿ. ಕಾರ್ಯಕ್ರಮ ನಾಳೆ ಮಾಡಬಹುದು.

ತೂಕವನ್ನೂ ನೋಡಬೇಕು. ಲೆಸ್ ಪಾಲ್ ಮಾದರಿಯವು ನಾಲ್ಕು ಕಿಲೋ ದಾಟುವುದುಂಟು. ಎರಡು ಗಂಟೆ ನಿಂತು ನುಡಿಸಿ, ಆಮೇಲೆ ದಾದರಿನಲ್ಲಿ ಕಲ್ಯಾಣದ ಲೋಕಲ್ಲನ್ನು ಹತ್ತುವ ಹುಡುಗನ ಹೆಗಲಿಗೆ ನಾಲ್ಕು ಕಿಲೋ ಸಣ್ಣದಲ್ಲ. ಗಾಡಿಯ ನೂಕಾಟದಲ್ಲಿ ಮೊದಲು ಪೆಟ್ಟು ತಿನ್ನುವುದು ಗಿಟಾರಿನ ತಲೆ. ತಲೆಯ ಬುಡದಲ್ಲಿ ಸೀಳು ಬಂದು ಅಂಟು ಹಾಕಿದ ಗುರುತು ಇದೆಯೇ ಎಂದು ಕೊಳ್ಳುವಾಗ ಬೆರಳಿನಿಂದ ಸವರಿ ನೋಡಿರಿ. ದಪ್ಪ ಮೆತ್ತೆಯ ಚೀಲಕ್ಕೆ ಖರ್ಚು ಮಾಡುವುದರಲ್ಲಿ ಜಿಪುಣತನ ಬೇಡ.

ಹೆಸರುಗಳ ಮಾತು. ಫೆಂಡರ್ ಸಂಸ್ಥೆ ೧೯೮೨ರಿಂದ ಕಡಿಮೆ ಬೆಲೆಯ ಗಿಟಾರುಗಳನ್ನು ಸ್ಕ್ವಾಯರ್ ಎಂಬ ಹೆಸರಿನಲ್ಲಿ ಮಾರುತ್ತಿದೆ, ಗಿಬ್ಸನ್ನಿನವರದು ಎಪಿಫೋನ್, ಯಮಾಹದವರದು ಪೆಸಿಫಿಕಾ, ಐಬನೆಜ್ ಇನ್ನೊಂದು. ಕಲಕತ್ತೆಯ ಗಿವ್ಸನ್ನಿನಂಥ ನಮ್ಮ ದೇಶದವೂ ಇವೆ. ಯಾವುದೂ ಹೆಸರಿನಿಂದಲೇ ಒಳ್ಳೆಯದಲ್ಲ, ಹೆಸರಿನಿಂದಲೇ ಕೆಟ್ಟದಲ್ಲ. ತಲೆಯ ಮೇಲೆ ದೊಡ್ಡ ಹೆಸರು ಅಂಟಿಸಿದ ನಕಲಿಗಳೂ ಉಂಟು. ದೊಡ್ಡ ಹೆಸರು ಬಹಳ ಅಗ್ಗಕ್ಕೆ ಸಿಕ್ಕಿತೆಂದರೆ ಸಂತೋಷಕ್ಕೆ ಮೊದಲು ಸಂದೇಹ ಬರಬೇಕು. ಮೂಲ ರಸೀತಿ ಇದೆಯೇ, ಏಕೆ ಮಾರುತ್ತಿದ್ದೀರಿ ಎಂದು ಕೇಳುವುದು ಅವಿನಯವಲ್ಲ. ಇನ್ನೊಬ್ಬ ವಾದಕನ ಮನೆಯಿಂದ ಕದ್ದುದನ್ನು ತಿಳಿಯದೆ ಕೊಂಡು ರಾಜ್ಯೋತ್ಸವದಲ್ಲಿ ನುಡಿಸುವುದು ನಮಗೆ ಶೋಭೆಯಲ್ಲ. ಬಣ್ಣ ಎದ್ದಿರುವುದು, ಗೀರು, ಕಲೆ, ಇವು ದೋಷಗಳಲ್ಲ. ಕೊಳ್ಳುವವನ ಪಾಲಿಗೆ ರಿಯಾಯಿತಿ.

ಕೊನೆಯದಾಗಿ ಹಣದ ಹಂಚಿಕೆ. ಕೈಯಲ್ಲಿರುವುದನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ಕಾಲು ಭಾಗವನ್ನು ಹಿಂದಕ್ಕೆ ಇಟ್ಟುಕೊಳ್ಳಿ. ಹೊಸ ತಂತಿಗಳು, ರಿಪೇರಿಯವರಿಂದ ಒಂದು ಸಲದ ಹದ, ಒಳ್ಳೆಯ ಕೇಬಲ್, ಹೆಗಲಪಟ್ಟಿ, ಇವಿಲ್ಲದ ಗಿಟಾರು ಅರ್ಧ ಗಿಟಾರು. ಮುಂಬಯಿಯ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸುವ ಅಭ್ಯಾಸ ಖರ್ಚಿಲ್ಲದ್ದು. ವೇದಿಕೆಗೆ ಹೋಗುವಾಗ ಇನ್ನೊಂದು ಜೊತೆ ತಂತಿ, ಇನ್ನೊಂದು ಕೇಬಲ್ ಚೀಲದಲ್ಲಿರಲಿ.

೨೦೨೩ರ ಸೆಪ್ಟೆಂಬರಿನಲ್ಲಿ ನಾವು ಎರಡನೆಯ ಗಿಟಾರನ್ನು ಕೊಂಡೆವು. ಈ ಸಲ ಮುಂದೆ ಹುಡುಗ, ಹಿಂದೆ ನಾವು. ನಾಲ್ಕು ಕಡೆ ನೋಡಿ ಮೂರನ್ನು ಬಿಟ್ಟ. ಮೂರನೆಯದು ಬಹಳ ಚೆನ್ನಾಗಿ ಹೊಳೆಯುತ್ತಿತ್ತು. ನಮಗೆ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ. ಅವನು ಕತ್ತನ್ನು ಒಂದು ಕಣ್ಣಿನಿಂದ ನೋಡಿ ತಲೆಯಾಡಿಸಿದ. ನಾಲ್ಕನೆಯದು ಮಾಸಿದ ನೀಲಿ ಬಣ್ಣದ ಪೆಸಿಫಿಕಾ. ಅಂಚಿನಲ್ಲಿ ಬಣ್ಣ ಕಿತ್ತು ಮರ ಕಾಣುತ್ತಿತ್ತು. ಅರ್ಧ ಗಂಟೆ ಕೂತು ನುಡಿಸಿದ. ಎಂಟು ಸಾವಿರಕ್ಕೆ ಬಂತು. ಅದರ ಮೇಲೆ ಎರಡು ಸಾವಿರದ ಐನೂರು ಧೋಬಿ ತಲಾವಿನ ವೃದ್ಧರಿಗೂ ತಂತಿಗೂ ಕೇಬಲಿಗೂ ಹೋಯಿತು. ಅಂದಿನಿಂದ ಗಣೇಶೋತ್ಸವ, ದಸರೆ, ರಾಜ್ಯೋತ್ಸವ ಎಂದು ಅದು ಬಿಡುವಿಲ್ಲದೆ ದುಡಿಯುತ್ತಿದೆ. ಕೆಂಪು ಗಿಟಾರನ್ನು ನಾವು ಮಾರಲಿಲ್ಲ. ಅದರ ಕತ್ತು ಇನ್ನೊಬ್ಬ ಹುಡುಗನನ್ನು ಸುಳ್ಳು ಮಾಡುವುದು ಬೇಡವೆಂದು ಬಿಡಿಭಾಗಗಳಿಗಾಗಿ ಆ ವೃದ್ಧರಿಗೇ ಕೊಟ್ಟೆವು.

ಮಿತ್ರರೆ, ನಮ್ಮ ಮಕ್ಕಳು ಈ ಪರನಾಡಿನಲ್ಲಿ ಕನ್ನಡ ಹಾಡಿಗೆ ಕೈ ಜೋಡಿಸಲು ಬಂದಾಗ ನಾವು ಅವರಿಗೆ ಕೊಡಬೇಕಾದುದು ಬೆಲೆಬಾಳುವ ವಾದ್ಯವಲ್ಲ, ಸುಳ್ಳು ಹೇಳದ ವಾದ್ಯ. ಅದಕ್ಕಿಂತ ಮೊದಲು ಕೊಡಬೇಕಾದುದು ಇನ್ನೊಂದಿದೆ. ಸ್ವರ ತಪ್ಪಿದಾಗ ಹುಡುಗನನ್ನು ಬೈಯುವ ಮುಂಚೆ ವಾದ್ಯವನ್ನೊಮ್ಮೆ ಕಣ್ಣಿಗೆ ಹಿಡಿದು ನೋಡುವ ತಾಳ್ಮೆ. ಅದಕ್ಕೆ ಕಾಸು ಬೇಡ. ನಮ್ಮಂಥ ಹಿರಿಯರಿಗೆ ಅದೇ ದುಬಾರಿಯಾಗಿತ್ತು.

ಈ ನವೆಂಬರಿನಲ್ಲಿ ಆ ನೀಲಿ ಗಿಟಾರನ್ನು ತಾವೆಲ್ಲರೂ ಕೇಳಲಿದ್ದೀರಿ. ನಾವು ಮೂವರೂ ಸಭಿಕರ ನಡುವೆಯೇ ಕೂರುತ್ತೇವೆ. ಮಿಕ್ಸರಿನ ಬಳಿಗೆ ಹೋಗುವುದಿಲ್ಲವೆಂದು ಈ ಸಭೆಯಲ್ಲಿ ಮಾತು ಕೊಡುತ್ತೇವೆ.

 ಜಯ ಕರ್ನಾಟಕ.